ಅವ್ವನ ಹೊಟ್ಟೆನೋವು, ನಾವು ಕೊಟ್ಟ ಉತ್ತರಗಳು

ಆಸ್ಪತ್ರೆಯ ಟೇಬಲ್ ಮುಂದೆ ನರ್ಸ್ ಐದು ಪ್ರಶ್ನೆ ಕೇಳಿದರು. ಐದಕ್ಕೂ ಉತ್ತರ ಕೊಟ್ಟವರು ನಾವು. ಹೊಟ್ಟೆನೋವು ಇದ್ದದ್ದು ಮಾತ್ರ ನಮ್ಮ ಅವ್ವನಿಗೆ. ಅವಳು ಪಕ್ಕದ ಸ್ಟೂಲಿನ ಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಸುಮ್ಮನೆ ಕೂತಿದ್ದಳು. ನಾವು ಕೊಟ್ಟ ಐದು ಉತ್ತರಗಳಲ್ಲಿ ನಾಲ್ಕು ತಪ್ಪು ಎಂದು ಗೊತ್ತಾಗಲು ಅರ್ಧ ಗಂಟೆಯೂ ಬೇಕಾಗಲಿಲ್ಲ.

ಈ ಬರಹ ಆ ಅರ್ಧ ಗಂಟೆಯದು. ಓದುತ್ತಿರುವ ನಿಮ್ಮ ಮನೆಯಲ್ಲೂ ನೋವನ್ನು ನುಂಗಿಕೊಂಡು ಓಡಾಡುವ ಒಬ್ಬರು ಇದ್ದೇ ಇರುತ್ತಾರೆ. ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ನೀವೇ ಆಗಿರುತ್ತೀರಿ. ಅದಕ್ಕೇ ನಮ್ಮ ತಪ್ಪನ್ನು ಮುಚ್ಚಿಡದೆ ಬರೆಯುತ್ತಿದ್ದೇವೆ.

ನಾವು ಮೂವರು ಮಕ್ಕಳು. ದೊಡ್ಡವಳು ಗಂಡನ ಊರಲ್ಲಿದ್ದಾಳೆ. ನಡುವಿನವಳು ಪತ್ರಿಕೋದ್ಯಮ ಓದಿ ಇಲ್ಲಿ ನಿಮಗಾಗಿ ಬರೆಯುತ್ತಾಳೆ. ತಮ್ಮ ಮನೆಯಲ್ಲಿದ್ದು ಹೊಲ ನೋಡಿಕೊಳ್ಳುತ್ತಾನೆ. ನಮ್ಮ ಊರು ಹಾವೇರಿ ಜಿಲ್ಲೆಯಲ್ಲಿದೆ. ಅವ್ವನಿಗೆ 62 ವರ್ಷ. ಸಕ್ಕರೆ ಕಾಯಿಲೆ ಬಂದು 14 ವರ್ಷ ಆಯಿತು. ಬೀಜೋತ್ಪಾದನೆಯ ಪ್ಲಾಟುಗಳಲ್ಲಿ ಟೊಮೆಟೊ, ಮೆಣಸಿನ ಹೂವಿಗೆ ಕ್ರಾಸಿಂಗ್ ಮಾಡುವ ಕೂಲಿಗೆ ಈಗಲೂ ಹೋಗುತ್ತಾಳೆ. ಬೇಡ ಎಂದರೆ ಕೇಳುವುದಿಲ್ಲ.

ಒಂದು ಸೋಮವಾರ ಅವ್ವ ಹೊಟ್ಟೆ ಹಿಡಿದುಕೊಂಡು ಮನೆಗೆ ಬಂದಳು. ಕೇಳಿದರೆ, "ಏನಿಲ್ಲೋ, ಗ್ಯಾಸ್ ಆಗೈತಿ" ಅಂದಳು. ನಮಗೂ ಅಷ್ಟೇ ಬೇಕಿತ್ತು. ನಮ್ಮ ಕಡೆ ಹೊಟ್ಟೆಯ ಎಲ್ಲ ನೋವಿಗೂ ಗ್ಯಾಸ್ ಎಂಬ ಒಂದೇ ಹೆಸರು. ಓಮಿನ ಕಾಳು ಕುದಿಸಿ ಕುಡಿಸಿದೆವು. ಸೋಡಾ ತಂದೆವು. ಉಷ್ಣ ಆಗಿದೆ ಎಂದು ಹೊಕ್ಕುಳಿಗೆ ಹರಳೆಣ್ಣೆ ಹಚ್ಚಿದೆವು. ಪಕ್ಕದ ಮನೆಯ ಅಜ್ಜಿ "ಬಟ್ಟಿ ಬಿದ್ದೈತಿ" ಎಂದು ಹೇಳಿ ಹೊಟ್ಟೆ ತಿಕ್ಕಿ ಹೋದಳು. ಮೆಡಿಕಲ್ ಶಾಪಿನಿಂದ ನೋವಿನ ಗುಳಿಗೆ ತಂದು ದಿನಕ್ಕೆ ಎರಡರಂತೆ ಕೊಟ್ಟೆವು. ಗುಳಿಗೆ ನುಂಗಿದಾಗ ಸ್ವಲ್ಪ ಹಗುರ ಆಗುತ್ತಿತ್ತು. ಹಣೆ ಮುಟ್ಟಿ ನೋಡಿದರೆ ಜ್ವರ ಇರಲಿಲ್ಲ. ಕಡಿಮೆ ಆಗುತ್ತಿದೆ ಎಂದುಕೊಂಡೆವು.

ಗುರುವಾರ ರಾತ್ರಿ ಅವ್ವ ನಮ್ಮನ್ನು ಎಂದೋ ತೀರಿಹೋದ ಚಿಗವ್ವನ ಹೆಸರು ಹಿಡಿದು ಕರೆದಳು. ಒಮ್ಮೆಯಲ್ಲ, ಮೂರು ಸಲ. ನಿದ್ದೆಗಣ್ಣಿನ ಮಾತು ಎಂದು ಬಿಟ್ಟೆವು. ಬೆಳಗ್ಗೆ ಚಹಾ ಬೇಡ ಅಂದಳು. ಅವ್ವ ಚಹಾ ಬೇಡ ಎಂದದ್ದನ್ನು ನಾವು ಯಾವತ್ತೂ ಕೇಳಿರಲಿಲ್ಲ. ಆಗ ಹೆದರಿಕೆಯಾಗಿ ಟಂಟಂ ಮಾಡಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೊರಟೆವು.

ಅಲ್ಲಿ ಸಾಲು ದೊಡ್ಡದಿತ್ತು. ಡಾಕ್ಟರ ಕೋಣೆಗೆ ಹೋಗುವ ಮೊದಲು ಒಬ್ಬ ನರ್ಸ್ ಎಲ್ಲರನ್ನೂ ಮಾತಾಡಿಸಿ, ಬಿಪಿ ನೋಡಿ, ಚೀಟಿಯಲ್ಲಿ ಬರೆದು ಒಳಗೆ ಕಳಿಸುತ್ತಿದ್ದರು. ನಮ್ಮ ಸರದಿ ಬಂತು.

"ಏನ್ ತೊಂದ್ರಿ?"

"ಗ್ಯಾಸ್ ಆಗೈತ್ರಿ ಸಿಸ್ಟರ್."

"ಎಷ್ಟು ದಿನಾ ಆತು?"

"ನಾಕ್ ದಿನಾ."

"ನೋವು ಎಷ್ಟೈತಿ?"

"ಸ್ವಲ್ಪ ಐತ್ರಿ."

"ಒಂದಕ್ಕ ಸರಿಯಾಗಿ ಹೋಗ್ತಾರೇನು?"

"ಹೂಂ ರೀ, ಅದೇನೂ ತೊಂದ್ರಿ ಇಲ್ಲ."

"ಶುಗರ್ ಐತೇನು?"

"ಐತ್ರಿ, ಗುಳಿಗಿ ತಗೋತಾರ."

ಸಿಸ್ಟರ್ ಬರೆದುಕೊಂಡರು. ಆಮೇಲೆ ಪೆನ್ನು ಕೆಳಗಿಟ್ಟು, "ನೀವು ಹೇಳಿದ್ದು ಆತು. ಈಗ ಅವರು ಹೇಳ್ಲಿ" ಅಂದರು. ತಮ್ಮನನ್ನು ಚೀಟಿ ಮಾಡಿಸಿಕೊಂಡು ಬರಲು ಕಳಿಸಿದರು. ಅವ್ವನನ್ನು ಪಕ್ಕದ ಮಂಚಕ್ಕೆ ಕರೆದೊಯ್ದು ಪರದೆ ಎಳೆದರು. ಪರದೆಯ ಒಂದು ತುದಿ ಹರಿದಿತ್ತು. ಅಲ್ಲಿ ತಾವೇ ಅಡ್ಡ ನಿಂತರು. ಉಳಿದ ನಾವಿಬ್ಬರು ಹೊರಗೆ ನಿಂತೆವು. ಮಾತು ಕೇಳಿಸುತ್ತಿತ್ತು.

ಸಿಸ್ಟರ್ ಮತ್ತೆ ಮೊದಲಿನಿಂದ ಶುರು ಮಾಡಿದರು. ಆದರೆ ಈ ಸಲ ಪ್ರಶ್ನೆಗಳು ಬೇರೆ ಥರ ಇದ್ದವು.

"ಎಲ್ಲಿ ನೋವೈತಿ ಒಂದ ಬೆರಳಿಲೆ ತೋರ್ಸವ್ವಾ" ಅಂದರು. ಅವ್ವ ಹೊಕ್ಕುಳಿನ ಕೆಳಗೆ ತೋರಿಸಿದಳಂತೆ. ಆಮೇಲೆ ಬಲಗಡೆ ಬೆನ್ನಿನ ಕಡೆ ಕೈ ಒಯ್ದಳಂತೆ. "ಮೊದಲ ಎಲ್ಲಿ ಬಂತು? ಆಮ್ಯಾಲೆ ಎಲ್ಲಿ ಹೋತು? ಒಂದೇ ಸಮನೆ ಐತೋ, ಬಂದು ಹೋಗ್ತೈತೋ? ಚುಚ್ಚಿದಂಗ ಐತೋ, ಹಿಂಡಿದಂಗ ಐತೋ, ಉರೀತೈತೋ? ಉಂಡ್ರ ಹೆಚ್ಚಾಗ್ತೈತೇನು? ಮಲಗಿದ್ರ?" ಒಂದೊಂದೇ ಕೇಳಿದರು. ಕೇಳಿ ಕಾದರು. ಅವ್ವ ನಿಧಾನವಾಗಿ ಹೇಳುತ್ತಿದ್ದಳು.

ನೋವು ಎಷ್ಟು ಎಂದು ಕೇಳಿದ ರೀತಿ ನಮಗೆ ಇವತ್ತಿಗೂ ನೆನಪಿದೆ. "ಹೆರಿಗಿ ಬ್ಯಾನಿಗೆ ಹತ್ತು ರೂಪಾಯಿ ಅಂತ ಇಟ್ಕೊಂಡ್ರ, ಇದಕ್ಕ ಎಷ್ಟು ಕೊಡ್ತಿ?"

ಅವ್ವ ಸ್ವಲ್ಪ ಹೊತ್ತು ಬಿಟ್ಟು, "ಎಂಟು" ಅಂದಳು.

ನಾವು "ಸ್ವಲ್ಪ" ಎಂದಿದ್ದೆವು. ಮೂರು ಹೆರಿಗೆ ಕಂಡವಳು ಎಂಟು ಅಂದಳು.

ಆಮೇಲೆ ಸಿಸ್ಟರ್ ದನಿ ತಗ್ಗಿಸಿದರು. "ರಾತ್ರಿ ಒಂದಕ್ಕ ಎಷ್ಟು ಸಲ ಏಳ್ತಿ?" ಆರೇಳು ಸಲ. "ಹೋದಾಗ ಎಷ್ಟು ಬರ್ತೈತಿ?" ಒಂದಿಷ್ಟೇ. "ಉರೀತೈತೇನು?" ಹೂಂ. "ಹೋಗಿ ಬಂದ್ ಮ್ಯಾಲೂ ಇನ್ನೂ ಐತಿ ಅನಿಸ್ತೈತೇನು?" ಹೂಂ. "ಬಣ್ಣಾ ಹೆಂಗೈತಿ? ಕೆಂಪು ಐತೇನು? ವಾಸನಿ?" ಅವ್ವ ಕತ್ತಲಲ್ಲಿ ಹೋಗುತ್ತಿದ್ದಳು, ಬಣ್ಣ ನೋಡಿರಲಿಲ್ಲ. ವಾಸನೆ ಇತ್ತು.

ನಂತರ ಒಂದು ಪ್ರಶ್ನೆ. "ತಡಿಯಾಕ ಆಗದ ಸೀರಿ ಒದ್ದಿ ಆಗ್ತೈತೇನವ್ವಾ?"

ಒಳಗಿನಿಂದ ಮಾತು ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವ್ವ ಅಳುವುದು ಕೇಳಿಸಿತು.

ಎಂಟು ದಿನಗಳಿಂದ ಅವಳಿಗೆ ಹನಿಹನಿಯಾಗಿ ಹೋಗುತ್ತಿತ್ತಂತೆ. ಹಳೆ ಸೀರೆ ಹರಿದು ಬಟ್ಟೆ ಕಟ್ಟಿಕೊಂಡಿದ್ದಳು. ಅದನ್ನು ಬೆಳಕು ಹರಿಯುವ ಮೊದಲೇ ತೊಳೆದು ದನದ ಕೊಟ್ಟಿಗೆಯಲ್ಲಿ ಒಣಹಾಕುತ್ತಿದ್ದಳು. ವಾಸನೆ ಬಂದೀತು ಎಂದು ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದನ್ನು ಬಿಟ್ಟಿದ್ದಳು. ನೀರು ಕುಡಿದರೆ ಹೆಚ್ಚಾಗುತ್ತದೆ ಎಂದು ದಿನಕ್ಕೆ ಎರಡು ಲೋಟಕ್ಕೆ ಇಳಿಸಿದ್ದಳು. ಪ್ಲಾಟಿನಲ್ಲಿ ಶೌಚಾಲಯ ಇಲ್ಲ, ಸುತ್ತ ಗಂಡಸರು ಇರುತ್ತಾರೆ. ಅದಕ್ಕೆ ಹೊತ್ತು ಮುಳುಗುವವರೆಗೆ ತಡೆದುಕೊಳ್ಳುವುದು ಅವಳಿಗೆ ವರ್ಷಗಳ ರೂಢಿ.

ಇಷ್ಟೂ ನಡೆದದ್ದು ನಮ್ಮದೇ ಮನೆಯಲ್ಲಿ. ನಾವು ಅದೇ ಮನೆಯಲ್ಲಿದ್ದೆವು.

ಸಿಸ್ಟರ್ ಸಮಾಧಾನ ಹೇಳಿದ್ದು ಒಂದೇ ಮಾತು: "ಇದು ಭಾಳ ಮಂದಿಗೆ ಆಗ್ತೈತಿ. ಹೇಳಿದ್ದು ಚಲೋ ಆತು." ಆಮೇಲೆ ನಮ್ಮಲ್ಲಿ ಒಬ್ಬಳನ್ನು ಒಳಗೆ ಕರೆದು, ಅವ್ವನನ್ನು ಮೂತ್ರಕ್ಕೆ ಕರೆದುಕೊಂಡು ಹೋಗಿ ಬರಲು ಹೇಳಿದರು. ಒಂದು ಸಣ್ಣ ಡಬ್ಬಿ ಕೊಟ್ಟು ಹೇಗೆ ಹಿಡಿಯಬೇಕೆಂದೂ ಹೇಳಿದರು. ಮೊದಲು ನೀರಿನಿಂದ ಮುಂದಿನಿಂದ ಹಿಂದಕ್ಕೆ ತೊಳೆದುಕೊಳ್ಳಬೇಕು. ಶುರುವಿನಲ್ಲಿ ಬರುವುದನ್ನು ಬಿಟ್ಟು ನಡುವಿನದನ್ನು ಡಬ್ಬಿಗೆ ಹಿಡಿಯಬೇಕು. ಡಬ್ಬಿಯ ಒಳಗೆ ಬೆರಳು ತಾಗಬಾರದು. ಇಲ್ಲವಾದರೆ ಚರ್ಮದ ಮೇಲಿನ ಕೊಳೆಯೇ ಪರೀಕ್ಷೆಯಲ್ಲಿ ಕಾಣಿಸಿ ದಾರಿ ತಪ್ಪಿಸುತ್ತದೆ. ಅವ್ವನಿಗೆ ಬಂದದ್ದು ಡಬ್ಬಿಯ ತಳ ಮುಚ್ಚುವಷ್ಟು.

ತಿರುಗಿ ಬಂದ ಮೇಲೆ ಮಂಚದ ಮೇಲೆ ಮಲಗಿಸಿ, ಮೊಣಕಾಲು ಮಡಿಸಲು ಹೇಳಿದರು. ಕಾಲು ಮಡಿಸಿದರೆ ಹೊಟ್ಟೆಯ ಸ್ನಾಯು ಸಡಿಲ ಆಗುತ್ತದೆ. ಕೈ ತೊಳೆದು, ಎರಡೂ ಅಂಗೈ ತಿಕ್ಕಿ ಬೆಚ್ಚಗೆ ಮಾಡಿಕೊಂಡರು. ಆದರೆ ಕೂಡಲೇ ಹೊಟ್ಟೆ ಮುಟ್ಟಲಿಲ್ಲ. ಸುಮ್ಮನೆ ನೋಡಿದರು. ಹೊಕ್ಕುಳಿನ ಕೆಳಗೆ ಉಬ್ಬಿತ್ತು. ನಮ್ಮ ಕಣ್ಣಿಗೆ ಅದು ಬರೀ ಅವ್ವನ ಹೊಟ್ಟೆ. ಸಿಸ್ಟರ್ ಮಾತ್ರ, ಒಂದಕ್ಕೆ ಹೋಗಿ ಬಂದ ಮೇಲೂ ಆ ಉಬ್ಬು ಯಾಕೆ ಇಳಿದಿಲ್ಲ ಎಂದು ನೋಡುತ್ತಿದ್ದರು.

ಆಮೇಲೆ ಸ್ಟೆತಸ್ಕೋಪ್ ಇಟ್ಟು ಹೊಟ್ಟೆಯ ನಾಲ್ಕೂ ಭಾಗದಲ್ಲಿ ಕೇಳಿದರು. ಅದಾದ ಮೇಲೆ ಎಡಗೈ ಬೆರಳು ಹೊಟ್ಟೆಯ ಮೇಲಿಟ್ಟು ಬಲಗೈ ಬೆರಳಿನಿಂದ ತಟ್ಟಿದರು. ಮೇಲೆ ತಟ್ಟಿದಾಗ ಖಾಲಿ ಕೊಡದ ಸದ್ದು. ಕೆಳಗೆ ತಟ್ಟಿದಾಗ ತುಂಬಿದ ಕೊಡದ ಸದ್ದು. ಪಕ್ಕದಲ್ಲಿದ್ದ ನಮಗೂ ವ್ಯತ್ಯಾಸ ಕೇಳಿಸಿತು. ಕೊನೆಗೆ ಮೆಲ್ಲಗೆ ಒತ್ತಿ ನೋಡಿದರು. ನೋವಿಲ್ಲದ ಕಡೆಯಿಂದ ಶುರು ಮಾಡಿ, ನೋವಿರುವ ಜಾಗಕ್ಕೆ ಎಲ್ಲಕ್ಕಿಂತ ಕೊನೆಗೆ ಬಂದರು. ಒತ್ತುವಾಗ ಅವರ ಕಣ್ಣು ಕೈ ಮೇಲೆ ಇರಲಿಲ್ಲ, ಅವ್ವನ ಮುಖದ ಮೇಲಿತ್ತು. ಎಬ್ಬಿಸಿ ಕೂರಿಸಿ, ಬೆನ್ನಿನ ಪಕ್ಕೆಯ ಕೆಳಗೆ ಅಂಗೈ ಇಟ್ಟು ಅದರ ಮೇಲೆ ಮುಷ್ಟಿಯಿಂದ ಹಗುರವಾಗಿ ತಟ್ಟಿದರು. ಎಡಗಡೆ ಅವ್ವ ಸುಮ್ಮನಿದ್ದಳು. ಬಲಗಡೆ ತಟ್ಟಿದ ಕೂಡಲೇ "ಅಯ್ಯಪ್ಪಾ" ಎಂದು ಮುಂದಕ್ಕೆ ಬಾಗಿದಳು. ಕಿಡ್ನಿ ಇರುವುದು ಅಲ್ಲಿಯೇ.

ಈ ನಡುವೆ ಥರ್ಮಾಮೀಟರ್ 101 ತೋರಿಸಿತ್ತು. "ಜ್ವರ ಇರಲಿಲ್ಲವಲ್ಲ" ಎಂದೆವು. "ನೋವಿನ ಗುಳಿಗಿ ಕಡೇ ಸಲ ಯಾವಾಗ ಕೊಟ್ರಿ?" ಎಂದು ಕೇಳಿದರು. ನಿನ್ನೆ ಸಂಜೆ. "ಅದರ ಜೋರು ಇಳದೈತಿ, ಜ್ವರ ಮ್ಯಾಲೆ ಬಂದೈತಿ" ಅಂದರು. ನಾವು ಕೊಟ್ಟ ಗುಳಿಗೆಯೇ ನಾಲ್ಕು ದಿನ ಜ್ವರವನ್ನು ಮುಚ್ಚಿಟ್ಟಿತ್ತು. ನಾಡಿ 118, ಬಿಪಿ 100ಕ್ಕೆ 60, ಬೆರಳು ಚುಚ್ಚಿ ನೋಡಿದ ಸಕ್ಕರೆ 340. "ರಾತ್ರಿ ಏನರ ಗೊಂದಲ ಮಾತಾಡಿದ್ರೇನು?" ಎಂದು ಕೇಳಿದಾಗ ನಮಗೆ ಚಿಗವ್ವನ ಹೆಸರು ನೆನಪಾಯಿತು. ಹೇಳಿದೆವು. ಆ ದಿನ ನಾವು ಹೇಳಿದ ಉಪಯೋಗದ ಮಾತು ಅದೊಂದೇ ಇರಬೇಕು.

ಸಿಸ್ಟರ್ ನಮಗೆ ಯಾವ ರೋಗದ ಹೆಸರನ್ನೂ ಹೇಳಲಿಲ್ಲ. ಎದ್ದು ಸಾಲು ದಾಟಿ ನೇರವಾಗಿ ಡಾಕ್ಟರ ಹತ್ತಿರ ಹೋಗಿ ನಾಲ್ಕು ಮಾತು ಹೇಳಿದರು. 62 ವರ್ಷ, 14 ವರ್ಷದ ಶುಗರ್. ಮೂತ್ರಕೋಶ ತುಂಬಿದೆ, ಹನಿ ಮಾತ್ರ ಹೋಗುತ್ತಿದೆ. ಬಲ ಪಕ್ಕೆ ಮುಟ್ಟಿದರೆ ನೋವು, ಜ್ವರ, ನಾಡಿ ಜೋರು, ರಾತ್ರಿ ಗೊಂದಲ. ನಾಲ್ಕು ದಿನದಿಂದ ನೋವಿನ ಗುಳಿಗೆ. ಡಾಕ್ಟರು ಮುಂದೆ ಕೂತ ರೋಗಿಗೆ ಕಾಯಲು ಹೇಳಿ ಎದ್ದು ಬಂದರು.

ಕ್ಯಾಥೆಟರ್ ಎಂಬ ತೆಳು ನಳಿಕೆ ಹಾಕಿದಾಗ ಚೀಲಕ್ಕೆ 900 ಮಿಲಿಲೀಟರ್ ಬಂತು. ದೊಡ್ಡವರ ಮೂತ್ರಕೋಶ ಸಾಮಾನ್ಯವಾಗಿ 400ರಿಂದ 500 ಮಿಲಿಲೀಟರ್ ಹಿಡಿಯುತ್ತದೆ. ಅಷ್ಟರಲ್ಲೇ ತಡೆಯಲಾಗದಷ್ಟು ಒತ್ತಡ ಆಗುತ್ತದೆ. ಅವ್ವನದು ಅದರ ಎರಡು ಪಟ್ಟು ತುಂಬಿತ್ತು. ಬಂದದ್ದು ಮಜ್ಜಿಗೆ ಬೆರೆಸಿದ ಹಾಗೆ ಕದಡಿತ್ತು.

ಆಗ ಡಾಕ್ಟರು ಹೇಳಿದ್ದು ಹೀಗೆ: ಸಕ್ಕರೆ ಕಾಯಿಲೆ ಬಹಳ ವರ್ಷ ಇದ್ದರೆ ಮೂತ್ರಕೋಶದ ನರಗಳು ಮಂಕಾಗುತ್ತವೆ. ತುಂಬಿದ್ದು ಸರಿಯಾಗಿ ಗೊತ್ತಾಗುವುದಿಲ್ಲ, ಪೂರ್ತಿ ಖಾಲಿಯೂ ಆಗುವುದಿಲ್ಲ. ನಿಂತ ನೀರಿನಲ್ಲಿ ಪಾಚಿ ಕಟ್ಟುವಂತೆ ನಿಂತ ಮೂತ್ರದಲ್ಲಿ ಸೋಂಕು ಬೆಳೆಯುತ್ತದೆ. ಅದು ಮೇಲಕ್ಕೆ ಏರಿ ಕಿಡ್ನಿಗೆ ಹೋಗಿತ್ತು. ಅಲ್ಲಿಂದ ರಕ್ತಕ್ಕೆ ಇಳಿಯುವ ಹೊಸ್ತಿಲಲ್ಲಿತ್ತು. ಹನಿಹನಿಯಾಗಿ ಹೋಗುತ್ತಿದ್ದದ್ದು ಮೂತ್ರಕೋಶ ಖಾಲಿ ಆಗುತ್ತಿದೆ ಎಂದಲ್ಲ. ಕೆರೆ ತುಂಬಿ ಕೋಡಿ ಬಿದ್ದ ಹಾಗೆ, ಹಿಡಿಯಲಾರದ್ದು ಹೊರಗೆ ಚೆಲ್ಲುತ್ತಿತ್ತು. ಅವ್ವ ಅದನ್ನು ಕಂಡು ನೀರು ಕುಡಿಯುವುದನ್ನು ಕಡಿಮೆ ಮಾಡಿದಳು. ನಾವು ಅದರ ಮೇಲೆ ನೋವಿನ ಗುಳಿಗೆ ಕೊಟ್ಟೆವು. ಮೈಯಲ್ಲಿ ನೀರು ಕಡಿಮೆ ಇದ್ದಾಗ ಅಂಥ ಗುಳಿಗೆಗಳು ಕಿಡ್ನಿಗೆ ಇನ್ನಷ್ಟು ಭಾರ. ರಕ್ತದ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿತ್ತು.

ಆಂಟಿಬಯೋಟಿಕ್ ಶುರು ಮಾಡುವ ಮೊದಲೇ ಮೂತ್ರದ ಸ್ಯಾಂಪಲ್ ತೆಗೆದಿಟ್ಟಿದ್ದರು. ಔಷಧ ಹೋದ ಮೇಲೆ ತೆಗೆದರೆ ಯಾವ ಕ್ರಿಮಿ ಎಂದು ಹಿಡಿಯುವುದು ಕಷ್ಟ. ಅವ್ವ ಎಂಟು ದಿನ ಆಸ್ಪತ್ರೆಯಲ್ಲಿದ್ದಳು. ಮೂರನೆಯ ದಿನ ಚಹಾ ಕೇಳಿದಳು. ಕ್ರಿಯಾಟಿನಿನ್ ನಿಧಾನವಾಗಿ ಇಳಿಯಿತು.

ಆ ಎಂಟು ದಿನ ನಮಗೂ ಒಂದು ಕೆಲಸ ಕೊಟ್ಟಿದ್ದರು. ಒಂದು ಹಾಳೆಯಲ್ಲಿ ಎರಡು ಗೆರೆ ಎಳೆದು, ಒಂದು ಕಡೆ ಒಳಗೆ ಹೋದದ್ದು, ಇನ್ನೊಂದು ಕಡೆ ಹೊರಗೆ ಬಂದದ್ದು ಬರೆಯಬೇಕು. ನೀರು, ಚಹಾ, ಗಂಜಿ, ಎಲ್ಲವನ್ನೂ ಅಳತೆಯಲ್ಲಿ. ಆರೋಗ್ಯವಾಗಿರುವ ದೊಡ್ಡವರಿಗೆ ದಿನಕ್ಕೆ ಹೆಚ್ಚುಕಡಿಮೆ ಒಂದರಿಂದ ಎರಡು ಲೀಟರ್ ಮೂತ್ರ ಆಗುತ್ತದೆ. 400 ಮಿಲಿಲೀಟರಿಗಿಂತ ಕಡಿಮೆ ಆದರೆ ಅದು ಎಚ್ಚರಿಕೆಯ ಗಂಟೆ. ಮೊದಲ ದಿನ ನಾವು "ಸ್ವಲ್ಪ ನೀರು ಕುಡಿದಳು" ಎಂದು ಬರೆದಿದ್ದೆವು. ಸಿಸ್ಟರ್ ಅದನ್ನು ಹೊಡೆದುಹಾಕಿ, "ಸ್ವಲ್ಪ ಅಂದ್ರ ಎಷ್ಟು?" ಎಂದು ಪಕ್ಕದಲ್ಲಿ ಬರೆದರು. ಇನ್ನೊಮ್ಮೆ ಅವ್ವನನ್ನು ನಡೆಸುವಾಗ ಚೀಲವನ್ನು ಎದೆಮಟ್ಟಕ್ಕೆ ಎತ್ತಿ ಹಿಡಿದಿದ್ದಕ್ಕೆ ಬೈಸಿಕೊಂಡೆವು. ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು. ಮೇಲೆ ಎತ್ತಿದರೆ ಚೀಲದಲ್ಲಿದ್ದದ್ದು ತಿರುಗಿ ಒಳಗೆ ಹರಿಯುತ್ತದೆ.

ಐದನೆಯ ರಾತ್ರಿ ವಾರ್ಡು ಸ್ವಲ್ಪ ಶಾಂತವಾಗಿತ್ತು. ಅದೇ ಸಿಸ್ಟರಿಗೆ ನೈಟ್ ಡ್ಯೂಟಿ. ಅವರ ಹತ್ತಿರ ಕೂತು, ಅವತ್ತು ನಮ್ಮ ಮಾತನ್ನು ಯಾಕೆ ನಂಬಲಿಲ್ಲ ಎಂದು ಕೇಳಿದೆವು.

"ನಂಬಲಿಲ್ಲ ಅಂತಲ್ಲ. ನಿಮ್ಮವ್ವನ ಹೊಟ್ಟಿ ಒಳಗ ಏನಾಗೇತಿ ಅಂತ ನಿಮಗ ಹೆಂಗ ಗೊತ್ತಾಗ್ತೈತಿ?" ಎಂದು ನಕ್ಕರು.

ಆಮೇಲೆ ತಮ್ಮ ಕೆಲಸದ ಕ್ರಮ ವಿವರಿಸಿದರು. ಬೇರೆ ಕಡೆ ಪರೀಕ್ಷೆ ಮಾಡುವಾಗ ನೋಡಿ, ಮುಟ್ಟಿ, ತಟ್ಟಿ, ಕೊನೆಗೆ ಕೇಳುತ್ತಾರೆ. ಹೊಟ್ಟೆಗೆ ಮಾತ್ರ ನೋಡಿದ ಕೂಡಲೇ ಕೇಳಬೇಕು. ಮೊದಲೇ ಒತ್ತಿದರೆ ಕರುಳಿನ ಸದ್ದು ಬದಲಾಗುತ್ತದೆ. ಆರೋಗ್ಯವಾದ ಹೊಟ್ಟೆಯಲ್ಲಿ ನಿಮಿಷಕ್ಕೆ ಸುಮಾರು 5ರಿಂದ 30 ಸಲ ಗುಳುಗುಳು ಸದ್ದು ಕೇಳಿಸುತ್ತದೆ. ಪೂರ್ತಿ ನಿಶ್ಶಬ್ದವಾದ, ಹಲಗೆಯಂತೆ ಗಟ್ಟಿಯಾದ ಹೊಟ್ಟೆ ಕಂಡರೆ ಅವರಿಗೆ ಭಯವಾಗುತ್ತದೆ.

ರೋಗಿ ಒಳಗೆ ಬರುವ ರೀತಿಯೇ ಅರ್ಧ ಹೇಳುತ್ತದಂತೆ. ಕಿಡ್ನಿ ಕಲ್ಲಿನ ನೋವಿನವರು ಒಂದು ಕಡೆ ನಿಲ್ಲಲಾರದೆ ಹೊರಳಾಡುತ್ತಾರೆ. ಅವರ ನೋವು ಪಕ್ಕೆಯಿಂದ ತೊಡೆಸಂದಿಗೆ ಇಳಿಯುತ್ತದೆ. ಹೊಟ್ಟೆಯೊಳಗೆ ಕರುಳು ತೂತಾಗಿ ಸೋಂಕು ಹರಡಿದವರು ಅಲುಗಾಡದೆ ಮಲಗುತ್ತಾರೆ, ಟಂಟಂ ಹಂಪ್ ಹಾರಿದರೂ ಚೀರುತ್ತಾರೆ. ಅಪೆಂಡಿಕ್ಸ್ ನೋವು ಎಷ್ಟೋ ಸಲ ಹೊಕ್ಕುಳಿನ ಸುತ್ತ ಶುರುವಾಗಿ ಬಲಗಡೆ ಕೆಳಕ್ಕೆ ಸರಿಯುತ್ತದೆ. ಎಣ್ಣೆ ಪದಾರ್ಥ ಉಂಡ ಮೇಲೆ ಬಲ ಪಕ್ಕೆಯ ಕೆಳಗೆ ಎದ್ದು ಬೆನ್ನಿಗೆ, ಭುಜಕ್ಕೆ ಹೋಗುವ ನೋವು ಪಿತ್ತಕೋಶದ್ದಿರಬಹುದು. ಅದಕ್ಕೇ ಅವರು "ಮೊದಲು ಎಲ್ಲಿ, ಆಮೇಲೆ ಎಲ್ಲಿ" ಎಂದು ಕೇಳುವುದು. ಬಟ್ಟಿ ಬಿದ್ದಿದೆ ಎಂದು ಹೊಟ್ಟೆ ತಿಕ್ಕಿಸಿಕೊಂಡು ಬಂದವರ ಅಪೆಂಡಿಕ್ಸ್ ಒಡೆದದ್ದನ್ನೂ ಅವರು ನೋಡಿದ್ದಾರೆ.

"ಗ್ಯಾಸ್ ಅಂತ ಬಂದೋರಿಗೆ ಇಸಿಜಿ ಯಾಕ ಮಾಡ್ತೀರಿ ಅಂತ ಜಗಳಾ ಮಾಡ್ತಾರ" ಅಂದರು. ಎದೆಗೂಡಿನ ಕೆಳಗಿನ ಉರಿ, ಬೆವರು, ವಾಂತಿ ಬರುವಂತಾಗುವುದು ಹೃದಯಾಘಾತವೂ ಇರಬಹುದು. ಸಕ್ಕರೆ ಕಾಯಿಲೆ ಇರುವವರಲ್ಲಿ, ಹೆಂಗಸರಲ್ಲಿ ಎದೆನೋವೇ ಇಲ್ಲದೆ ಬರುವುದುಂಟು.

ಮುಟ್ಟಿನ ಪ್ರಶ್ನೆ ಕೇಳಿದರೂ ಸಿಟ್ಟು ಮಾಡುತ್ತಾರಂತೆ. ಹೊಟ್ಟೆನೋವು ಎಂದು ಬಂದ ಹೆಣ್ಣುಮಗಳಿಗೆ "ಕಡೇ ಸಲ ಮುಟ್ಟಾದದ್ದು ಯಾವಾಗ" ಎಂದು ಕೇಳಿದರೆ, ತಾಯಿಯೋ ಅತ್ತೆಯೋ ಮುಂದೆ ಬಂದು ಉತ್ತರ ಕೊಡುತ್ತಾರೆ. ಆದರೆ ಗರ್ಭ ಗರ್ಭಕೋಶದಲ್ಲಿ ನಿಲ್ಲದೆ ನಳಿಕೆಯಲ್ಲಿ ನಿಂತಿದ್ದರೆ ಅದು ಒಡೆದು ಒಳಗೇ ರಕ್ತಸ್ರಾವ ಆಗಿ ಜೀವ ಹೋಗಬಹುದು. ಆ ಒಂದು ಪ್ರಶ್ನೆ ಯಾರ ಮರ್ಯಾದೆ ಕಳೆಯಲಿಕ್ಕೂ ಅಲ್ಲ.

ಗಂಡಸರ ಕಥೆಯೂ ಹೀಗೆಯೇ. ವಯಸ್ಸಾದ ಮೇಲೆ ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿ ಧಾರೆ ಸಣ್ಣದಾಗುತ್ತದೆ, ನಿಂತು ನಿಂತು ಬರುತ್ತದೆ, ರಾತ್ರಿ ಪದೇ ಪದೇ ಏಳಬೇಕಾಗುತ್ತದೆ. "ವಯಸ್ಸಾತು" ಎಂದು ಸುಮ್ಮನಾಗುತ್ತಾರೆ. ಒಂದು ದಿನ ಪೂರ್ತಿ ಕಟ್ಟಿಕೊಂಡಾಗ ಒದ್ದಾಡುತ್ತ ಬರುತ್ತಾರೆ. ಸೊಸೆ ಮುಂದೆ ಹೇಳಲಾರರು, ಮಗನ ಮುಂದೆಯೂ ಹೇಳಲಾರರು.

ಸಿಸ್ಟರ್ ಹೇಳಿದ ಇನ್ನೊಂದು ಮಾತು ಪತ್ರಿಕೋದ್ಯಮ ಓದಿದವಳಿಗೆ ನೇರವಾಗಿ ತಾಗಿತು. "ಸರಿಯಾಗಿ ಹೋಗ್ತೀರೇನು ಅಂತ ಕೇಳಿದ್ರ ಎಲ್ಲಾರೂ ಹೂಂ ಅಂತಾರ. ಎಷ್ಟು ಸಲ ಹೋಗ್ತೀರಿ ಅಂತ ಕೇಳ್ಬೇಕು. ಅವತ್ತು ಗದ್ದಲದಾಗ ನಾನೂ ಮೊದಲ ಹಂಗ ಕೇಳಿದ್ನಿ. ನೀವು ಹೂಂ ಅಂದ್ರಿ." ಆಮೇಲೆ ನೆನಪಾಯಿತು. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಬರೆದ 'ನೋಟ್ಸ್ ಆನ್ ನರ್ಸಿಂಗ್' ಪುಸ್ತಕದಲ್ಲೂ ಇದೇ ವಿಷಯ ಇದೆ. ರೋಗಿ ಚೆನ್ನಾಗಿ ನಿದ್ದೆ ಮಾಡಿದನೇ ಎಂದು ಕೇಳುವುದರಿಂದ ಉಪಯೋಗವಿಲ್ಲ, ಎಷ್ಟು ತಾಸು, ಯಾವ ಹೊತ್ತಿನಲ್ಲಿ ಎಂದು ಕೇಳಬೇಕು ಎಂಬುದು ಅವರ ವಾದ. ಉತ್ತರವನ್ನು ಬಾಯಿಗೆ ತುರುಕುವ ಪ್ರಶ್ನೆ ಕೇಳಬಾರದು, ಸಂಬಂಧಪಟ್ಟವರನ್ನೇ ಮಾತಾಡಿಸಬೇಕು ಎಂಬುದು ಪತ್ರಿಕೋದ್ಯಮದಲ್ಲೂ ಮೊದಲ ವರ್ಷದ ಪಾಠ. ಪರೀಕ್ಷೆಯಲ್ಲಿ ಅದನ್ನು ಬರೆದು ಅಂಕ ತೆಗೆದುಕೊಂಡಿದ್ದೆವು. ಸ್ವಂತ ಅವ್ವನ ವಿಷಯ ಬಂದಾಗ ಅವಳನ್ನು ಪಕ್ಕಕ್ಕೆ ಕೂರಿಸಿ ನಾವೇ ಹೇಳಿಕೆ ಕೊಟ್ಟೆವು.

ಯಾಕೆ ಹಾಗೆ ಮಾಡಿದೆವು ಎಂದು ಆಮೇಲೆ ಮೂವರೂ ಮಾತಾಡಿಕೊಂಡೆವು. ಅವ್ವ ಓದಿಲ್ಲ, ಅವಳಿಗೆ ಹೇಳಲು ಬರುವುದಿಲ್ಲ ಎಂದು ಅಂದುಕೊಂಡಿದ್ದೆವು. ಸಾಲು ದೊಡ್ಡದಿದೆ, ಬೇಗ ಮುಗಿಯಲಿ ಎಂಬ ಆತುರವಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅವ್ವನ ಬಾಯಿಂದ ಆ ಮಾತುಗಳನ್ನು ಕೇಳುವುದು ನಮಗೇ ನಾಚಿಕೆ. ನಾಚಿಕೆ ಅವಳೊಬ್ಬಳದೇ ಆಗಿರಲಿಲ್ಲ. ತಮ್ಮ ಎದುರಿಗಿದ್ದರೆ ಅವ್ವ ಇವತ್ತಿಗೂ ಹೇಳುತ್ತಿರಲಿಲ್ಲ ಎಂಬುದು ಅವನಿಗೂ ಗೊತ್ತು. ಆ ಸಿಸ್ಟರ್ ಚೀಟಿಯ ನೆಪದಲ್ಲಿ ಅವನನ್ನು ಕಳಿಸಿದ್ದು ಯಾಕೆ ಎಂದು ಅವನಿಗೆ ಆಮೇಲೆ ಹೊಳೆಯಿತು.

ನೀವು ಹೊಟ್ಟೆಯ ತೊಂದರೆ, ಮೂತ್ರದ ತೊಂದರೆ ಇರುವವರನ್ನು ಕರೆದುಕೊಂಡು ಹೋಗುವಾಗ ನಾವು ಕಲಿತ ಇಷ್ಟನ್ನು ನೆನಪಿಡಿ. ಮನೆಯಿಂದ ಹೊರಡುವ ಮೊದಲು ಯಾವ ಗುಳಿಗೆ, ಯಾವ ನಾಟಿ ಔಷಧ, ಎಷ್ಟು ಹೊತ್ತಿಗೆ ಕೊಟ್ಟಿರಿ ಎಂದು ಬರೆದುಕೊಳ್ಳಿ, ಗುಳಿಗೆಯ ಹಾಳೆಯನ್ನೂ ಒಯ್ಯಿರಿ. ಕೊನೆಯ ಸಲ ಉಂಡದ್ದು, ಒಂದಕ್ಕೆ ಮತ್ತು ಎರಡಕ್ಕೆ ಹೋದದ್ದು ಯಾವಾಗ ಎಂದು ಕೇಳಿಕೊಳ್ಳಿ. ಮೂತ್ರದ ಬಣ್ಣ ನೋಡಲು ಹೇಳಿ. ಬೀಟ್‌ರೂಟ್ ತಿಂದರೂ, ಟಿಬಿಯ ಗುಳಿಗೆ ನುಂಗಿದರೂ ಬಣ್ಣ ಕೆಂಪಗಾಗಬಹುದು. ಅದನ್ನೂ ಹೇಳಿ, ಅದೇ ಕಾರಣ ಎಂದು ನೀವೇ ತೀರ್ಮಾನ ಮಾಡಬೇಡಿ. ನರ್ಸ್ ಪ್ರಶ್ನೆ ಕೇಳಿದಾಗ ರೋಗಿ ಮೊದಲು ಮಾತಾಡಲಿ. ಸುಮ್ಮನಿದ್ದರೆ ಹತ್ತು ಎಣಿಸಿ ಕಾಯಿರಿ. ಅವರು ಬಿಟ್ಟದ್ದನ್ನು ಕೊನೆಗೆ ಸೇರಿಸಿ. ಹೊರಗೆ ನಿಲ್ಲಿ ಎಂದರೆ ಬೇಸರ ಮಾಡಿಕೊಳ್ಳದೆ ನಿಲ್ಲಿ.

ಕೆಲವಕ್ಕೆ ಮಾತ್ರ ಬೆಳಗಾಗುವವರೆಗೆ ಕಾಯಬೇಡಿ. ಹೊಟ್ಟೆ ಗಟ್ಟಿಯಾಗಿ ಮುಟ್ಟಲೂ ಬಿಡದಿದ್ದರೆ, ರಕ್ತ ವಾಂತಿಯಾದರೆ, ಮಲ ಡಾಂಬರಿನಂತೆ ಕಪ್ಪಗೆ ಬಂದರೆ, ಒತ್ತಡವಿದ್ದೂ ಮೂತ್ರ ಬಾರದಿದ್ದರೆ, ಚಳಿಜ್ವರದ ಜೊತೆ ಪಕ್ಕೆ ನೋವಿದ್ದರೆ, ಗರ್ಭಿಣಿಗೆ ಹೊಟ್ಟೆನೋವು ಬಂದರೆ 108ಕ್ಕೆ ಫೋನ್ ಮಾಡಿ. ವಯಸ್ಸಾದವರಲ್ಲಿ ಸೋಂಕು ಜ್ವರವಿಲ್ಲದೆಯೂ ಬರುತ್ತದೆ. ಇದ್ದಕ್ಕಿದ್ದಂತೆ ತಪ್ಪು ಹೆಸರು ಹಿಡಿದು ಕರೆದರೆ, ದಿನ, ಹೊತ್ತು ಮರೆತರೆ, ಅದನ್ನು ಅರಳುಮರಳು ಎಂದು ಬಿಡಬೇಡಿ. ನಾವು ಒಂದು ರಾತ್ರಿ ಹಾಗೆ ಬಿಟ್ಟಿದ್ದೆವು.

ಇದು ನಡೆದು ಈಗ ಎಂಟು ತಿಂಗಳು. ಅವ್ವ ಪ್ಲಾಟಿಗೆ ಹೋಗುವುದನ್ನು ಪೂರ್ತಿ ಬಿಟ್ಟಿಲ್ಲ, ಆದರೆ ಬಾಟಲಿಯಲ್ಲಿ ನೀರು ಒಯ್ಯುತ್ತಾಳೆ. ಒತ್ತಡ ಗೊತ್ತಾಗದಿದ್ದರೂ ಮೂರು ತಾಸಿಗೊಮ್ಮೆ ಹೋಗಿ ಬರಬೇಕು ಎಂದು ಹೇಳಿದ್ದಾರೆ. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಟ್ಟಿದ್ದೇವೆ. ಜೊತೆಯ ಹೆಂಗಸರು ಸೇರಿ ಪ್ಲಾಟಿನ ಮೂಲೆಯಲ್ಲಿ ಹಳೆ ತಾಡಪಾಲು ಕಟ್ಟಿ ಮರೆ ಮಾಡಿಕೊಂಡಿದ್ದಾರೆ. ಈಗ ಅಲಾರಂ ಹೊಡೆದರೆ ಅವ್ವನ ಜೊತೆ ನಾಲ್ಕೈದು ಜನ ಏಳುತ್ತಾರಂತೆ. ಮೊಮ್ಮಗ ಮತ್ತೆ ಅವಳ ತೊಡೆಯ ಮೇಲೆ ಕೂರುತ್ತಾನೆ.

ಹೋದ ತಿಂಗಳು ತಪಾಸಣೆಗೆ ಕರೆದುಕೊಂಡು ಹೋಗಿದ್ದೆವು. ಟೇಬಲ್ಲಿನ ಮುಂದೆ ಬೇರೆ ಸಿಸ್ಟರ್ ಇದ್ದರು. "ಒಂದಕ್ಕ ಹೆಂಗೈತಿ?" ಎಂದು ಕೇಳಿದರು. ರೂಢಿಯಂತೆ ನಮ್ಮ ಬಾಯಿ ತೆರೆಯಿತು. ಅವ್ವ ನಮ್ಮ ಕಡೆ ತಿರುಗಿ, "ನೀವು ಸುಮ್ಕಿರ್ರಿ, ನನಗ ಕೇಳ್ಯಾರ" ಅಂದಳು. ಆಮೇಲೆ ಸಿಸ್ಟರ್ ಕಡೆ ತಿರುಗಿ ರಾತ್ರಿ ಎರಡು ಸಲ, ಹಗಲು ಐದು ಸಲ ಎಂದು ಲೆಕ್ಕ ಹೇಳತೊಡಗಿದಳು.